ಬಾಗಿಲಿಗೆ ಬಂದ ನರ್ಸಮ್ಮ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಚರಿತ್ರೆ ಎಂದರೆ ಕೋಟೆ, ಗುಡಿ, ಶಾಸನ. ಇದೇ ಪಾಠವನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಹೆಗಲಿಗೆ ಚೀಲ ಹಾಕಿ ಉರಿಬಿಸಿಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ನರ್ಸಮ್ಮನಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ದವಾಖಾನೆ ದೂರದ ಮಾತು; ಹಳ್ಳಿಯ ಹೆರಿಗೆಗೆ ಸೂಲಗಿತ್ತಿಯೇ ಗತಿ. ಹಳ್ಳಿಗಳಿಗೂ ಆರೋಗ್ಯ ಕೇಂದ್ರ ಬೇಕು, ಮನೆಮನೆಗೆ ಹೋಗುವ ದಾದಿಯರು ಬೇಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿತ್ತು. 1952ರಿಂದ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಶುರುವಾದವು. 1956ರಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯ ಸೇರಿದವು. ಮುಂದೆ ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಅದಕ್ಕೊಬ್ಬ ಆರೋಗ್ಯ ಸಹಾಯಕಿ ಎಂಬ ಲೆಕ್ಕ ಬಂತು. ಸರ್ಕಾರ ಏನೇ ಹೆಸರಿಡಲಿ, ಜನ ಕರೆದದ್ದು ನರ್ಸಮ್ಮ ಎಂದೇ.

ಹಿಂದೆ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಬೂದಿ ಹಚ್ಚುವ ರೂಢಿಯಿತ್ತು. ಚೆನ್ನಾಗಿದ್ದ ಕೂಸು ವಾರ ಕಳೆಯುವುದರೊಳಗೆ ಮೊಲೆ ಹಿಡಿಯಲಾರದೆ, ಮೈ ಸೆಟೆದು ಸಾಯುತ್ತಿತ್ತು. ಗಾಳಿ ಸೋಕಿತು ಎನ್ನುತ್ತಿದ್ದರು. ಅದು ಧನುರ್ವಾಯು. ಜಾಣೆಯಾದ ನರ್ಸಮ್ಮ ಸೂಲಗಿತ್ತಿಯನ್ನು ಬೈದು ದೂರ ಮಾಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಸಾಬೂನು, ಹೊಸ ಬ್ಲೇಡು, ಕುದಿಸಿದ ದಾರದ ಬಳಕೆ ಕಲಿಸಿದಳು. ಬಸುರಿಯರಿಗೆ ಚುಚ್ಚುಮದ್ದು ಹಾಕಿದಳು. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಅದರ ಹಿಂದೆ ಇಂಥ ಸಾವಿರಾರು ಹೆಂಗಸರ ನಡಿಗೆಯಿದೆ.

ಈ ನಂಬಿಕೆಗೆ ಪೆಟ್ಟು ಬಿದ್ದದ್ದು ಕುಟುಂಬ ಯೋಜನೆಯ ಗುರಿಯಿಂದ. 1975-77ರ ತುರ್ತು ಪರಿಸ್ಥಿತಿಯಲ್ಲಂತೂ ಆ ಒತ್ತಡ ಮಿತಿಮೀರಿತು. ಲಸಿಕೆ ಹಾಕುವ ಕೈಯೇ ಶಸ್ತ್ರಚಿಕಿತ್ಸೆಗೆ ಇಷ್ಟು ಜನರನ್ನು ಕರೆತರಬೇಕು ಎಂದರೆ ಯಾರು ತಾನೇ ನಂಬುತ್ತಾರೆ? ಆಕೆ ಓಣಿಗೆ ಬಂದರೆ ಕದ ಹಾಕಿಕೊಳ್ಳುವವರನ್ನು ಚಿಕ್ಕಂದಿನಲ್ಲಿ ನಾನೇ ಕಂಡಿದ್ದೇನೆ. ಮೇಲಿನವರಿಂದ ಬೈಗುಳ, ಊರವರಿಂದ ಅನುಮಾನ. ನಡುವೆ ಒಂಟಿ ಹೆಣ್ಣು. 1996ರಲ್ಲಿ ಸರ್ಕಾರ ಆ ಗುರಿಗಳನ್ನು ಕೈಬಿಟ್ಟಿತು. ಆದರೆ ಹಾಕಿದ ಕದ ಆದೇಶದಿಂದ ತೆರೆಯುವುದಿಲ್ಲ. ಜ್ವರ ಬಂದ ಮಗುವನ್ನು ನೋಡಲು ಮತ್ತೆ ಮತ್ತೆ ಬಂದು, ಅತ್ತೆಯ ಜೊತೆ ಮಾತಾಡಿ, ಸೊಸೆಯ ಕಷ್ಟ ಕೇಳಿ ಆಕೆಯೇ ಅದನ್ನು ತೆರೆಸಬೇಕಾಯಿತು.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. 2005ರಲ್ಲಿ ಬಂದ ಯೋಜನೆಯಿಂದ ಆಶಾ ಕಾರ್ಯಕರ್ತೆಯರು ನರ್ಸಮ್ಮನ ಜೊತೆಗೂಡಿದರು. ಅವರಿಗೆ ಇನ್ನೂ ಸಂಬಳವಿಲ್ಲ, ಗೌರವಧನವಷ್ಟೇ. ಗೌರವ ಕೊಡುವುದಾದರೂ ನಮ್ಮ ಕೈಯಲ್ಲಿದೆ, ಅಲ್ಲವೇ? ಮುಂದಿನ ಸಲ ಆಕೆ ಬಾಗಿಲಿಗೆ ಬಂದಾಗ ಒಂದು ಲೋಟ ನೀರು ಕೊಟ್ಟು, ಆಕೆಯ ಹೆಸರು ಕೇಳಿರಿ.