ರಂಪಣಿಯ ಹಗ್ಗ, ಹೆಬ್ಬಾರರ ರೇಖೆ

ನಾವು ವಾಸವಾಗಿರುವ ದೆಹಲಿಯ ಲೋಧಿ ಕಾಲೋನಿಯು ಚಿತ್ರಕಾರರ ಕಣ್ಣಿಗೆ ಬಿದ್ದದ್ದು ತೀರ ಈಚೆಗೆ. 1940ರ ದಶಕದಲ್ಲಿ, ದೇಶ ಬಿಟ್ಟು ಹೊರಡುವ ಮುನ್ನ, ಬ್ರಿಟಿಷರು ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಈ ಸಾಲುಮನೆಗಳಿಗೆ ಎತ್ತರದ ಕಮಾನುಗಳಿವೆ, ವಿಶಾಲವಾದ ಬರಿಗೋಡೆಗಳಿವೆ. ಸುಮಾರು ಹತ್ತು ವರ್ಷಗಳಿಂದ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ದೇಶವಿದೇಶಗಳ ಕಲಾವಿದರನ್ನು ಕರೆಸಿ ಈ ಗೋಡೆಗಳ ಮೇಲೆ 50ಕ್ಕೂ ಹೆಚ್ಚು ಚಿತ್ರಗಳನ್ನು ಬರೆಯಿಸಿದೆ. ರಜೆಯ ದಿನ ಕ್ಯಾಮೆರಾ ಹಿಡಿದವರು ಬರುತ್ತಾರೆ, ಗೋಡೆಯ ಮುಂದೆ ನಿಲ್ಲುತ್ತಾರೆ, ಹೋಗುತ್ತಾರೆ. ಗೋಡೆಯ ಹಿಂದಿರುವವರು ಯಾವ ಇಲಾಖೆಯವರು, ಅವರ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೆಂಬ ಹಟವೂ ನಮಗಿಲ್ಲ. ಆದರೂ ಚಿತ್ರದ ಬೆನ್ನಿಗೆ ಸಂಸಾರ ಹೂಡಿದವರಿಗೆ ಬೇರೆ ಚಿತ್ರಗಳ ಬೆನ್ನಿಗೆ ಏನಿದೆಯೆಂದು ತಿಳಿಯುವ ಕುತೂಹಲ ಹುಟ್ಟುತ್ತದೆ.

ಇದೇ ಸಂಸ್ಥೆ 2017ರಲ್ಲಿ ಮುಂಬಯಿಯ ಸಸೂನ್ ಡಾಕಿಗೆ ಕಲಾವಿದರನ್ನು ಕರೆದೊಯ್ದಿತು. ಅದು 1875ರಷ್ಟು ಹಳೆಯ ಮೀನುಗಾರಿಕೆ ಧಕ್ಕೆ. ಅದನ್ನು ಓದಿದಾಗ ನಮ್ಮ ಮನಸ್ಸು ಹರಿದದ್ದು ಇನ್ನೂ ದಕ್ಷಿಣಕ್ಕೆ, ಮಲ್ಪೆಯತ್ತ ಮತ್ತು ಅದರ ಮಗ್ಗುಲಲ್ಲಿ ನದಿಗೂ ಕಡಲಿಗೂ ನಡುವೆ ಪಟ್ಟಿಯಂತೆ ಚಾಚಿಕೊಂಡಿರುವ ಪಡುಕೆರೆಯತ್ತ. ಆ ಸೀಮೆಯ ಬದುಕನ್ನು ಭಾರತೀಯ ಚಿತ್ರಕಲೆಯೊಳಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಕೆ.ಕೆ. ಹೆಬ್ಬಾರರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದರು. 1949-50ರಲ್ಲಿ ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿದರು. 1996ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಊರು ಬಿಟ್ಟು ಹೋದವರ ಕಣ್ಣಲ್ಲಿ ಊರು ಹೆಚ್ಚು ಸ್ಪಷ್ಟವಾಗುತ್ತದೆಂಬುದು ನಮ್ಮಂಥ ಹೊರನಾಡಿಗರಿಗೆ ಹೇಳಬೇಕಾದ ಮಾತಲ್ಲ. ಯಕ್ಷಗಾನ, ಕೋಲ, ಕೋಳಿ ಅಂಕ, ಮೀನುಗಾರರು ಅವರ ಕುಂಚವನ್ನು ಕಡೆಯವರೆಗೂ ಬಿಡಲಿಲ್ಲ. ಅವರ ರೇಖೆಗಳದ್ದಂತೂ ಬೇರೆಯೇ ಮಾತು. ಲಯವೆಂದರೇನೆಂದು ಮೈಯಿಂದಲೇ ಅರಿಯಬೇಕೆಂದು ಕಥಕ್ ನೃತ್ಯವನ್ನು ಕಲಿತವರು ಅವರು. ತಮ್ಮ ರೇಖಾಚಿತ್ರಗಳ ಪುಸ್ತಕಕ್ಕೆ ಅವರಿಟ್ಟ ಹೆಸರು ‘ದಿ ಸಿಂಗಿಂಗ್ ಲೈನ್’, ಎಂದರೆ ಹಾಡುವ ರೇಖೆ. ದೆಹಲಿಯಲ್ಲಿರುವವರು ಅವರ ಕೃತಿಗಳಿಗಾಗಿ ದೂರ ಹೋಗಬೇಕಾಗಿಲ್ಲ; ಇಂಡಿಯಾ ಗೇಟ್ ಬಳಿಯ ಜೈಪುರ ಹೌಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಭಂಡಾರದಲ್ಲಿ ಅವರ ಚಿತ್ರಗಳಿವೆ.

ಕರಾವಳಿಯ ಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಾಲಾಗಿ ಬಾಗಿ ಬಲೆ ಎಳೆಯುವ ಜನ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಆ ಬಾಗಿದ ಸಾಲು ಚಿತ್ರಕಾರನ ಸೌಂದರ್ಯದೃಷ್ಟಿಯಿಂದ ಹುಟ್ಟಿದ್ದೆಂದು ಭಾವಿಸುವುದು ಸುಲಭ. ಅದರ ಹಿಂದೆ ಒಂದು ಅಚ್ಚುಕಟ್ಟಾದ ಲೆಕ್ಕಾಚಾರವಿತ್ತು, ಅದರ ಹೆಸರು ರಂಪಣಿ.

ರಂಪಣಿಯೆಂದರೆ ದಡದಿಂದ ಎಳೆಯುವ ಬಲೆ. ಅರ್ಧ ಕಿಲೋಮೀಟರನ್ನೂ ಮೀರಿದ ಉದ್ದದ್ದು. ಅಷ್ಟು ದೊಡ್ಡ ಬಲೆಯನ್ನು ಒಬ್ಬನೇ ಮಾಡಿಸಿಕೊಳ್ಳುವುದು ಕಷ್ಟ. ಹಾಗಾಗಿ ಹಲವು ಮನೆಗಳವರು ತಂತಮ್ಮ ಪಾಲಿನ ಬಲೆಯ ತುಂಡುಗಳನ್ನು ತಂದು ಒಂದಕ್ಕೊಂದು ಹೆಣೆಯುತ್ತಿದ್ದರು. ಬಂಗುಡೆಯದೋ ಬೂತಾಯಿಯದೋ ಹಿಂಡು ದಡದ ಹತ್ತಿರ ಬಂದಿತೆಂದರೆ ನೀರಿನ ಬಣ್ಣವೇ ಅದನ್ನು ತಿಳಿಸುತ್ತದೆ. (ತುಳುನಾಡಿನ ಬೂತಾಯಿ ಕುಂದಾಪುರದ ಕಡೆ ಬೈಗೆಯಾಗುತ್ತದೆ, ಹೆಸರು ಬದಲಾದರೂ ಸಾರಿನ ರುಚಿ ಒಂದೇ.) ದೊಡ್ಡ ದೋಣಿ ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಹಿಂಡನ್ನು ಬಳಸಿ ಬರುತ್ತಿತ್ತು. ಎರಡೂ ತುದಿಗಳ ಹಗ್ಗವನ್ನು ಹಿಡಿದು 50, 60 ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಅಷ್ಟು ಜನರ ಬಲ ಒಂದೇ ಕ್ಷಣದಲ್ಲಿ ಹಗ್ಗಕ್ಕೆ ಬೀಳಬೇಕಾದರೆ ಲಯ ಬೇಕೇಬೇಕು. ಕಥಕ್ ಕಲಿತ ಹೆಬ್ಬಾರರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಮೀನು ಬಹಳವಾಗಿ ಸಿಕ್ಕಿದರೆ ಬಲೆಯನ್ನು ನೀರಿನಲ್ಲಿಯೇ ಬಿಟ್ಟು, ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತೆಗೆಯುವುದೂ ಇತ್ತು. ಮಂಜುಗಡ್ಡೆಯ ಕಾರ್ಖಾನೆಯಿಲ್ಲದ ಕಾಲದ ಶೀತಲಗೃಹವದು. ಹಿಡಿದದ್ದನ್ನು ಪಾಲು ಮಾಡುವ ಕ್ರಮವೂ ಖಚಿತವಾಗಿತ್ತು: ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಕೈಗೆ ಪಾಲು. ಮೊಗವೀರರ ಕೇರಿಯಲ್ಲಿ ವ್ಯಾಜ್ಯ ತೀರಿಸಲು ಗುರಿಕಾರನಿದ್ದ. ಇದೆಲ್ಲ ಸಮಾನತೆಯ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ದೋಣಿಯುಳ್ಳವನ ಮಾತಿಗೂ ಹಗ್ಗ ಮಾತ್ರ ಉಳ್ಳವನ ಮಾತಿಗೂ ಒಂದೇ ತೂಕ ಎಲ್ಲಿಯೂ ಇರದು. ಆದರೂ ಒಂದು ಕೇರಿಯ ದುಡಿಮೆ ಪೂರ್ತಿ ದಡದ ಮೇಲೆ, ಎಲ್ಲರ ಕಣ್ಣೆದುರು ನಡೆಯುತ್ತಿತ್ತು. ಚಿತ್ರಕಾರನಿಗೆ ಅದು ಕಂಡದ್ದು ಆ ಕಾರಣದಿಂದಲೇ.

ಆ ದೃಶ್ಯ ಕಣ್ಮರೆಯಾದದ್ದು ಬಹುಬೇಗ. 1975ರ ಸುಮಾರಿಗೆ ಕರ್ನಾಟಕದ ಕರಾವಳಿಗೆ ಪರ್ಸೀನ್ ಬೋಟು ಬಂತು. ಅದರ ಬಲೆ ನಡುಗಡಲಿನಲ್ಲಿ ಮೀನಿನ ಹಿಂಡನ್ನು ಸುತ್ತುವರಿಯುತ್ತದೆ. ಅಡಿಯ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನು ಜಗ್ಗಿದರೆ ಹಣದ ಸಂಚಿಯ ಬಾಯಿ ಕಟ್ಟಿದಂತೆ ತಳ ಮುಚ್ಚಿಕೊಳ್ಳುತ್ತದೆ. ದಡಕ್ಕೆ ಬರಬೇಕಾದ ಹಿಂಡನ್ನು ಅದು ದಾರಿಯಲ್ಲೇ ಹಿಡಿಯಿತು. ರಂಪಣಿಯವರು ಪ್ರತಿಭಟಿಸಿದರು, ಸಂಘರ್ಷಗಳಾದವು, ಕಡೆಗೆ ಅವರಲ್ಲಿ ಹಲವರು ಗುಂಪು ಕಟ್ಟಿಕೊಂಡು ತಾವೇ ಪರ್ಸೀನ್ ಬೋಟುಗಳ ಪಾಲುದಾರರಾದರು. 1980ರ ದಶಕ ತೊಡಗುವ ಹೊತ್ತಿಗೆ ದೊಡ್ಡ ರಂಪಣಿ ಬಹುಮಟ್ಟಿಗೆ ಮೂಲೆ ಸೇರಿತ್ತು. ಮಲ್ಪೆ ಬೆಳೆಯಿತು, ಇಂದು ಅದು ರಾಜ್ಯದ ಅತಿ ದೊಡ್ಡ ಮೀನುಗಾರಿಕೆ ಬಂದರು. ಅದರಿಂದ ಕಡಲಕೇರಿಯ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದೂ ನಿಜ. ಸಾಲು ಕಳೆದುಹೋಯಿತೆಂದು ನಾವು ದೆಹಲಿಯಲ್ಲಿ ಕುಳಿತು ಹಲುಬುವುದು ಅವರ ಬೆನ್ನುನೋವನ್ನು ಅರಿಯದವರ ಮಾತಾದೀತು.

ಆದರೆ ಕಣ್ಮರೆಯಾದ ದುಡಿಮೆಗೆ ಮತ್ತೊಂದು ಅಪಾಯವಿದೆ. ಸ್ಪೇನಿನ ವೆಲೆನ್ಸಿಯಾ ನಗರದ ಕಡಲಂಚಿನಲ್ಲಿ ಕಬಾನ್ಯಾಲ್ ಎಂಬ ಹಳೆಯ ಮೀನುಗಾರರ ಕೇರಿಯಿದೆ. ಎತ್ತುಗಳು ಅಲೆಗಿಳಿದು ದೋಣಿಗಳನ್ನು ದಡಕ್ಕೆಳೆಯುತ್ತಿದ್ದ ಆ ತೀರವನ್ನು ಹ್ವಾಕೀನ್ ಸೊರೊಯಾ ಎಂಬ ಚಿತ್ರಕಾರ 1890ರ ದಶಕದಿಂದ ಮತ್ತೆ ಮತ್ತೆ ಚಿತ್ರಿಸಿ ಲೋಕಪ್ರಸಿದ್ಧಗೊಳಿಸಿದ. ಅದೇ ಜನರ ಬದುಕನ್ನು ಕುರಿತು ಬ್ಲಾಸ್ಕೊ ಇಬಾನ್ಯೆಸ್ 1895ರಲ್ಲಿ ಕಾದಂಬರಿ ಬರೆದ. ಕೇರಿ ಚಿತ್ರದಲ್ಲಿ ಅಮರವಾಯಿತು. ನೆಲದ ಮೇಲೆ ಮಾತ್ರ, 1998ರಲ್ಲಿ, ನಗರಾಡಳಿತವು ಹೆದ್ದಾರಿಯೊಂದನ್ನು ಅದರ ನಡುವೆ ಹಾಯಿಸಿ ಕಡಲಿಗೆ ಮುಟ್ಟಿಸಲು ಹೊರಟಿತು. 1600ಕ್ಕೂ ಹೆಚ್ಚು ಮನೆಗಳು ಉರುಳಬೇಕಾಗಿತ್ತು. ಆ ರಸ್ತೆಯ ಹೆಸರು ಕೇಳಿ: ಬ್ಲಾಸ್ಕೊ ಇಬಾನ್ಯೆಸ್ ಅವೆನ್ಯೂ. ಸಾಹಿತಿಗೆ ಸರ್ಕಾರಗಳು ಸಲ್ಲಿಸುವ ಗೌರವದ ಪರಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ನಿವಾಸಿಗಳು ಸುಮ್ಮನಿರಲಿಲ್ಲ. ತಮ್ಮ ಮನೆಗಳ ಬಾಗಿಲು ತೆರೆದು ಒಳಗೇ ಕಲಾಪ್ರದರ್ಶನ ಏರ್ಪಡಿಸಿದರು. ಚಿತ್ರ ನೋಡಲು ಬಂದವರು ಅಡುಗೆಮನೆಯನ್ನೂ ಹಿತ್ತಿಲನ್ನೂ ನೋಡಬೇಕಾಯಿತು. ಅಷ್ಟರಲ್ಲಿ ಹಲವು ಮನೆಗಳು ಬಿದ್ದವು, ಹಲವು ಪಾಳುಬಿದ್ದವು. 2009ರಲ್ಲಿ ಸ್ಪೇನಿನ ಸಂಸ್ಕೃತಿ ಸಚಿವಾಲಯ ಅಡ್ಡಿ ಹೇಳಿತು, 2015ರಲ್ಲಿ ಯೋಜನೆ ಬಿದ್ದುಹೋಯಿತು.

ಸೊರೊಯಾನ 1894ರ ಚಿತ್ರವೊಂದರಲ್ಲಿ ದೋಣಿಯ ಒಡಲೊಳಗೆ ಗಾಯಗೊಂಡ ಹುಡುಗನೊಬ್ಬ ಮಲಗಿದ್ದಾನೆ. ಇಬ್ಬರು ಹಿರಿಯರು ಅವನನ್ನು ಆರೈಕೆ ಮಾಡುತ್ತಿದ್ದಾರೆ. ಇಷ್ಟಾದರೂ ಮೀನು ದುಬಾರಿ ಎನ್ನುತ್ತಾರೆ ಎಂಬರ್ಥದ ಶೀರ್ಷಿಕೆ ಅದಕ್ಕಿದೆ. ನಮ್ಮ ಕಾಲೋನಿಗೆ ಹತ್ತಿರದ ಐಎನ್ಎ ಮಾರುಕಟ್ಟೆಯಲ್ಲಿ ಬಂಗುಡೆಗೆ ಚೌಕಾಶಿ ಮಾಡುವಾಗ ಆ ಶೀರ್ಷಿಕೆ ನೆನಪಾದರೆ ಬಾಯಿ ಕಟ್ಟುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಕಾದದ್ದನ್ನು ಚಿತ್ರಿಸಲು ದಡದಲ್ಲಿ ದೃಶ್ಯವೇ ಇರಲಿಲ್ಲ. ಅಪಾಯವೂ ದುಡಿಮೆಯ ಜೊತೆಗೆ ದಿಗಂತದಾಚೆ ಸರಿದಿತ್ತು.

ಮಲ್ಪೆಗೆ ಇಂದು ಬರುವವರಲ್ಲಿ ಹೆಚ್ಚಿನವರು ಪ್ರವಾಸಿಗಳು. ದ್ವೀಪಕ್ಕೆ ಹೋಗಿಬರುತ್ತಾರೆ, ಮರಳಿನಲ್ಲಿ ಕೂರುತ್ತಾರೆ. ಪಡುಕೆರೆಗೆ ಈಗ ಸೇತುವೆಯಿದೆ. ಮಳೆಗಾಲದಲ್ಲಿ ಕಡಲ್ಕೊರೆತ ಮನೆಯಂಗಳದವರೆಗೂ ಬರುತ್ತದೆ. ಅದನ್ನು ತಡೆಯಲು ಕರಾವಳಿಯುದ್ದಕ್ಕೂ ಅಲ್ಲಲ್ಲಿ ದೊಡ್ಡ ಬಂಡೆಗಳನ್ನು ಒಟ್ಟಿ ತಡೆಗೋಡೆ ಕಟ್ಟಿದ್ದಾರೆ. ಗೋಡೆ ಮನೆಯನ್ನು ಉಳಿಸಬಹುದು. ದಡದಿಂದ ಎಳೆಯುವ ಬಲೆಗೆ ಮಾತ್ರ ಇಳಿಜಾರಿನ ಬರಿಮರಳೇ ಬೇಕು, ಕಲ್ಲಿಗೆ ಸಿಕ್ಕರೆ ಹರಿದುಹೋಗುತ್ತದೆ. ಮನೆ ಬೇಕೆ, ಬಲೆ ಬೇಕೆ ಎಂಬ ಇಕ್ಕಟ್ಟಿಗೆ ಕೇರಿಯನ್ನು ಸಿಕ್ಕಿಸಿರುವ ಈ ಕಲ್ಲುಗಳ ವಿಷಯದಲ್ಲಿ, ಅದೇ ಮರಳಿನ ಮೇಲೆ ಕುರ್ಚಿ ಹಾಕಲು ಬರುವ ನಮ್ಮಂಥವರಿಗಿಂತ ಮೊದಲು ಬಲೆಯವರನ್ನು ಕೇಳಬೇಕೆಂಬುದು ನಮ್ಮ ಮತ. ಲೋಧಿ ಕಾಲೋನಿಯ ನಾವು ವರ್ಗವಾದರೆ ಗಂಟುಮೂಟೆ ಕಟ್ಟಿ ಹೊರಡುತ್ತೇವೆ, ಕಡಲಕೇರಿಯವರಿಗೆ ವರ್ಗಾವಣೆಯೆಂಬುದಿಲ್ಲ.

ರಂಪಣಿ ಪೂರ್ತಿ ಅಳಿದಿಲ್ಲ. ಅದರ ಚಿಕ್ಕ ರೂಪವಾದ ಕೈರಂಪಣಿ ಮಲ್ಪೆ, ಪಡುಕೆರೆ, ಉಚ್ಚಿಲಗಳ ಕಡೆ ಇನ್ನೂ ನಡೆಯುತ್ತದೆ. ಜೂನ್, ಜುಲೈ ತಿಂಗಳುಗಳ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದು ಅವು ಧಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುವಾಗ, ನಾಡದೋಣಿಯವರು ಕಡಲು ಶಾಂತವಾಗುವುದನ್ನೇ ಕಾಯುತ್ತಾರೆ. ಬಲೆ ಬಿಟ್ಟ ಮೇಲೆ ಎರಡು ಸಾಲುಗಳು ದಡದಲ್ಲಿ ನಿಧಾನವಾಗಿ ಒಂದರತ್ತ ಇನ್ನೊಂದು ಸರಿಯುತ್ತ ಹಗ್ಗವನ್ನು ಮೇಲಕ್ಕೆಳೆಯುತ್ತವೆ. ಹಗ್ಗ ಹಿಡಿದವರಲ್ಲಿ ಹೆಚ್ಚಿನವರ ತಲೆ ನರೆತಿರುತ್ತದೆ.