ಐದು ಸಾಲಿನ ನಗೆ

ಆಂಗ್ಲ ಸಾಹಿತ್ಯದಲ್ಲಿ ಲಿಮರಿಕ್ ಎಂಬ ಪುಟ್ಟ ಪದ್ಯಜಾತಿಯೊಂದುಂಟು. ಐದು ಸಾಲುಗಳೇ ಅದರ ಮೈಯಳತೆ. ಒಂದು, ಎರಡು, ಐದನೆಯ ಸಾಲುಗಳು ನೀಳ. ಅವಕ್ಕೆ ಒಂದೇ ಅಂತ್ಯಪ್ರಾಸ. ಮೂರು, ನಾಲ್ಕನೆಯವು ಗಿಡ್ಡ. ಅವಕ್ಕೆ ಬೇರೊಂದು ಪ್ರಾಸ. ಮೊದಲ ಸಾಲಿನಲ್ಲಿ ಒಬ್ಬ ವ್ಯಕ್ತಿಯನ್ನೂ ಅವನ ಊರನ್ನೂ ಹೆಸರಿಸುವುದು ವಾಡಿಕೆ. ಊರ ಹೆಸರಿಗೆ ಪ್ರಾಸವನ್ನರಸಿ ಹೊರಟವನಿಗೆ ಆ ಪ್ರಾಸವೇ ಕಥೆಯನ್ನು ಒದಗಿಸುವುದು. ವಿಷಯವು ಹುಚ್ಚಾಟ, ಕಟ್ಟು ಮಾತ್ರ ಬಿಗಿ: ಈ ವಿರೋಧವೇ ಅದರ ಹಾಸ್ಯದ ಬೇರು.

1820ರ ಸುಮಾರಿನಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕಗಳಲ್ಲಿ ಈ ಕಟ್ಟು ಆಗಲೇ ಕಾಣುತ್ತದೆ. ಅದನ್ನು ಮನೆಮಾತಾಗಿಸಿದವನು ಎಡ್ವರ್ಡ್ ಲಿಯರ್ (1812–1888). ಅವನು ವೃತ್ತಿಯಿಂದ ಚಿತ್ರಕಾರ. ಬಾಲ್ಯದಿಂದಲೂ ಮೂರ್ಛೆರೋಗದಿಂದ ನರಳುತ್ತ, ಅದನ್ನು ಲೋಕದಿಂದ ಮರೆಮಾಚಿ ಬಾಳಿದವನು. ಡರ್ಬಿಯ ಅರ್ಲನ ಅರಮನೆಯಲ್ಲಿ ಪಕ್ಷಿಗಳನ್ನು ಚಿತ್ರಿಸುತ್ತಿದ್ದಾಗ ಆ ಮನೆಯ ಮಕ್ಕಳನ್ನು ನಗಿಸಲು ಕಟ್ಟಿದ ಪದ್ಯಗಳನ್ನು 1846ರಲ್ಲಿ ‘ಎ ಬುಕ್ ಆಫ್ ನಾನ್‌ಸೆನ್ಸ್’ ಎಂಬ ಹೆಸರಿನಲ್ಲಿ, ತನ್ನ ಹೆಸರನ್ನು ಮರೆಸಿ ಪ್ರಕಟಿಸಿದನು. ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರಪಾಠವನ್ನೂ ಹೇಳಿದನು.

ಅವನ ಪದ್ಯಗಳಲ್ಲಿ ವಿಚಿತ್ರ ಮೂಗಿನವರು, ವಿಚಿತ್ರ ಗಡ್ಡದವರು ಬರುತ್ತಾರೆ. ಊರ ಜನ ಅವರನ್ನು ಗದರಿಸುತ್ತಾರೆ. ಕೆಲವೆಡೆ ಬಡಿಯುವುದೂ ಉಂಟು. ಆದರೂ ಓದುವ ನಮ್ಮ ಒಲವು ಆ ವಿಚಿತ್ರ ಮನುಷ್ಯನ ಕಡೆಗೇ ವಾಲುತ್ತದೆ. ತಾನೂ ಗುಂಪಿಗೆ ಸೇರದೆ ನೊಂದವನ ನಗೆ ಅದು, ಚುಚ್ಚುವ ನಗೆಯಲ್ಲ. ‘ಲಿಮರಿಕ್’ ಎಂಬ ಹೆಸರಾದರೋ ಐರ್ಲೆಂಡಿನ ಊರೊಂದರದು. ಈ ಪದ್ಯಗಳಿಗೆ ಅದು ರೂಢಿಯಾದುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1907ರ ಹೊತ್ತಿಗೆ ಇಂಗ್ಲೆಂಡಿನ ಪತ್ರಿಕೆಗಳು ನಾಲ್ಕು ಸಾಲು ಕೊಟ್ಟು ಐದನೆಯದನ್ನು ಬೇಡುವ ಸ್ಪರ್ಧೆಗಳನ್ನು ನಡೆಸಿ, ದೇಶವನ್ನೇ ಪ್ರಾಸದ ಗೀಳಿಗೆ ಹಚ್ಚಿದುವು.

ವೈಸರಾಯ್ ನಾರ್ತ್‌ಬ್ರೂಕನ ಆಹ್ವಾನದಿಂದ ಭಾರತಕ್ಕೆ ಬಂದ ಲಿಯರನು 1874ರಲ್ಲಿ ನಮ್ಮ ನೀಲಗಿರಿಯ ಬೆಟ್ಟಗಳನ್ನೂ ಚಿತ್ರಿಸಿದನೆಂಬುದು ನಮಗೆ ಹಿತವಾದ ಸಂಗತಿ. ಅವನ ಪದ್ಯಜಾತಿಯನ್ನು ಬರಮಾಡಿಕೊಳ್ಳಲು ಕನ್ನಡಕ್ಕೆ ತೊಡಕಿಲ್ಲ. ಹಳೆಗನ್ನಡದ ಪ್ರಾಸ ಎರಡನೆಯ ಅಕ್ಷರದ್ದಾದರೂ ರಗಳೆಯಲ್ಲಿ ಅಂತ್ಯಪ್ರಾಸದ ರುಚಿಯನ್ನು ನಾವು ಕಂಡವರೇ. ಆಂಗ್ಲರ ಒತ್ತಿನ ಲಯಕ್ಕೆ ಬದಲಾಗಿ ಐದು ಮಾತ್ರೆಯ ಗಣವನ್ನಿಟ್ಟರೆ ಸಾಕು:

ಅಜ್ಜನೊಬ್ಬನು ಇದ್ದ, ಅವನೂರು ಕೂನೂರು;
ಚಳಿಗೆಂದು ಹೊದೆದಿದ್ದ ಕಂಬಳಿಯು ಮುನ್ನೂರು;
“ಸಾಕಾಯ್ತೆ?” ಎಂದರೆ
“ಇನ್ನೊಂದು ತಂದರೆ
ನೋಡೋಣ” ಎಂದೊಡನೆ ನಡುಗಿತ್ತು ಕೂನೂರು!

ಅನುವಾದಕ್ಕೆ ಲಿಮರಿಕ್ ಒಗ್ಗದು. ಪ್ರಾಸ ಹೋದರೆ ಪ್ರಾಣವೇ ಹೋದಂತೆ. ಆಯಾ ಭಾಷೆಯಲ್ಲಿ, ಆಯಾ ಊರ ಹೆಸರಿನಿಂದಲೇ ಅದು ಹುಟ್ಟಬೇಕು. ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವುದು ವಿರಳವಾದ ನಮ್ಮಂಥ ಊರುಗಳಲ್ಲಿ ವ್ಯಾಕರಣಪಾಠ ಮಕ್ಕಳಿಗೆ ಭಾಷೆಯ ನಿಯಮವನ್ನು ಕಲಿಸೀತು. ಅದರ ಸಲಿಗೆಯನ್ನು ಕಲಿಸುವುದು ಇಂಥ ಆಟವೇ. ಊಟವಾದ ಮೇಲೆ ಹಿರಿಯರೊಬ್ಬರು ನಾಲ್ಕು ಸಾಲು ಹೇಳಲಿ. ಐದನೆಯದನ್ನು ಮಕ್ಕಳಿಗೆ ಬಿಡಲಿ.