ಮಂದ್ರತಂತಿಯ ಗೀತಕಾರ: ರಾಹುಲ್ ರಾಮ್ ಅವರ ರಚನಾಕ್ರಮದ ವಿವೇಚನೆ

ಪುಣೆಯ ಸಂಗೀತಜೀವನವನ್ನು ಬಲ್ಲ ಕನ್ನಡಿಗನಿಗೆ ಡಿಸೆಂಬರ್ ಮಾಸವೆಂದೊಡನೆ ನೆನಪಾಗುವುದು, ಕುಂದಗೋಳದ ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ ಅವರ ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವ. ಅದೇ ನಗರದಲ್ಲಿ 2010ರ ಡಿಸೆಂಬರಿನಲ್ಲಿ ಎನ್‌ಎಚ್‌7 ವೀಕೆಂಡರ್ ಎಂಬ ನವೀನ ಸಂಗೀತದ ಉತ್ಸವವೂ ಮೊದಲ್ಗೊಂಡಿತು. ಒಂದರ ರಸಿಕರು ಇನ್ನೊಂದರತ್ತ ಸುಳಿಯುವುದು ವಿರಳ. ಆದರೆ ಶಾಸ್ತ್ರೀಯಗಾನವೂ ರಾಕ್ ಸಂಗೀತವೂ ಒಂದೇ ಕನ್ನಡ ಮನೆತನದ ಎರಡು ತಲೆಮಾರುಗಳಲ್ಲಿ ಫಲಿಸಿರುವುದುಂಟು. ದೆಹಲಿಯ ಇಂಡಿಯನ್ ಓಶನ್ ತಂಡದ ಬೇಸ್ ಗಿಟಾರ್ ವಾದಕರಾದ ರಾಹುಲ್ ರಾಮ್, ಸಸ್ಯವಿಜ್ಞಾನಿ ಎಚ್. ವೈ. ಮೋಹನರಾಮ್ ಅವರ ಪುತ್ರರು. ಸಂಸ್ಕೃತ ವಿದ್ವಾಂಸರೂ ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಆಗಿದ್ದ ಹೊಳೆನರಸೀಪುರದ ಯೋಗನರಸಿಂಹ ಅವರ ಪೌತ್ರರು.

ವಾಗ್ಗೇಯಕಾರನಲ್ಲಿ ಮಾತು ಮತ್ತು ಧಾತುಗಳೆರಡೂ ಒಬ್ಬನಿಂದಲೇ ಉದ್ಭವಿಸಬೇಕೆಂಬುದು ನಮ್ಮ ಲಕ್ಷಣಕಾರರ ಮತ. ಪೌತ್ರರ ಮಾರ್ಗವು ಇದಕ್ಕೆ ಭಿನ್ನವಾದುದು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದ ಅವರು 1991ರಲ್ಲಿ ತಂಡವನ್ನು ಸೇರಿದರು. ಅದೇ ವರ್ಷಗಳಲ್ಲಿ, ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವವರ ಪರವಾಗಿ ಹೋರಾಡಿದ ನರ್ಮದಾ ಬಚಾವೋ ಆಂದೋಲನದಲ್ಲಿಯೂ ದುಡಿದರು. ಅವರ ಗೀತರಚನೆಯ ನಿಜವಾದ ಪಾಠಶಾಲೆಯು ನರ್ಮದಾ ಕಣಿವೆಯೇ ಎಂದು ನನ್ನ ದೃಢವಾದ ಅಭಿಪ್ರಾಯ.

2000ದಲ್ಲಿ ಪ್ರಕಟವಾದ ‘ಕಂದೀಸಾ’ ಸಂಪುಟದಲ್ಲಿನ ‘ಮಾ ರೇವಾ’ವನ್ನು ಪರಿಶೀಲಿಸೋಣ. ನದೀತೀರದ ಜನರು ನರ್ಮದೆಯನ್ನು ಸ್ತುತಿಸುವ ಪಾರಂಪರಿಕ ಗೀತವದು. ನುಡಿಯೂ ಮೂಲಧಾಟಿಯೂ ಜನರವು. ತಂಡವು ಅದಕ್ಕಿತ್ತದ್ದು ತಳಪಾಯ. ಬೇಸ್ ಗಿಟಾರಿನ ನಾಲ್ಕು ತಂತಿಗಳು ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿಗೊಂಡಿದ್ದು, ಅತ್ಯಂತ ದಪ್ಪನೆಯ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹೀಗೆ ತಂಬೂರಿಯಂತೆ ಆಧಾರವನ್ನೂ ಮೃದಂಗದಂತೆ ನಡೆಯನ್ನೂ ಏಕಕಾಲದಲ್ಲಿ ಒದಗಿಸಬಲ್ಲ ವಾದ್ಯವದು. ಈ ಗೀತದಲ್ಲಿ ಹಾಡುವ ಕಂಠವೂ ಮಂದ್ರತಂತಿಯನ್ನು ಮೀಟುವ ಕೈಯೂ ಒಬ್ಬರದೇ ಆದುದರಿಂದ, ಸಾಲು ಮುಗಿದು ಉಸಿರು ನಿಲ್ಲುವೆಡೆಯಲ್ಲಿ ತಂತಿಯು ಮಾತನ್ನೆತ್ತಿಕೊಳ್ಳುತ್ತದೆ; ಪಲ್ಲವಿಯು ಮರಳಿದಾಗ ಅದು ಹಿಂದೆ ಸರಿದು ದಾರಿ ಬಿಡುತ್ತದೆ. ಜಾನಪದದ ಮೇಲೆ ವಾದ್ಯಗಳನ್ನು ಹೇರಿದ ಕೃತಕತೆಯು ಇಲ್ಲಿ ಕಾಣದಿರುವುದಕ್ಕೆ ಇದೇ ಕಾರಣ.

ಅನ್ಯರ ನುಡಿಯನ್ನು ಗೌರವದಿಂದ ಸ್ವೀಕರಿಸುವ ಈ ಗುಣವು ತಂಡದ ಒಟ್ಟು ಸ್ವಭಾವವೂ ಹೌದು. ಸುಸ್ಮಿತ್ ಸೇನ್ ಅವರ ಗಿಟಾರ್, ಅಶೀಮ್ ಚಕ್ರವರ್ತಿಯವರ ತಬಲ ಮತ್ತು ಕಂಠ, ಅಮಿತ್ ಕಿಲಮ್ ಅವರ ಡ್ರಮ್ಸ್ ಇವುಗಳ ಸಹಯೋಗದಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಸ್ತೋತ್ರವೂ ಹಿಂದಿ ಕವಿ ಗೋರಖ್ ಪಾಂಡೆಯವರ ಕವಿತೆಯೂ ‘ಕಂದೀಸಾ’ ಎಂಬ ಒಂದೇ ಸಂಪುಟದಲ್ಲಿ ನೆಲೆ ಪಡೆದವು. ಮುಂದೆ ಚಲನಚಿತ್ರಗಳಲ್ಲಿ ಪೀಯೂಷ್ ಮಿಶ್ರಾ, ವರುಣ್ ಗ್ರೋವರ್ ಮೊದಲಾದವರ ಸಾಹಿತ್ಯಕ್ಕೆ ತಂಡವು ಸಂಗೀತವನ್ನಳವಡಿಸಿತು. 2009ರಲ್ಲಿ ಅಶೀಮರು ತೀರಿಕೊಂಡುದು ತುಂಬಲಾರದ ನಷ್ಟ. ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ ಭಟ್ಟರಂಥ ಅತಿಥಿಗಳು ಪಾಲ್ಗೊಂಡ 2014ರ ‘ತಂದಾನು’ ಸಂಪುಟವು ವೈವಿಧ್ಯದಲ್ಲಿ ಸಮೃದ್ಧವಾದರೂ ‘ಕಂದೀಸಾ’ದ ಏಕಾಗ್ರತೆಯನ್ನು ಮುಟ್ಟಲಿಲ್ಲವೆಂದೇ ನಾನು ಬಗೆಯುತ್ತೇನೆ.

ಸ್ವಂತ ಪದ್ಯಗಳೆಷ್ಟೆಂದೆಣಿಸಿ ರಾಹುಲ್ ರಾಮ್ ಅವರನ್ನು ಅಳೆಯುವುದು ಯುಕ್ತವಲ್ಲ. ಪರರ ಗೀತಕ್ಕೆ ಅವರು ಹಾಸಿಕೊಟ್ಟ ನೆಲೆಯೇ ಅವರ ರಚನೆ. ಆದರೆ ಆ ಗೀತಗಳ ತವರಾದ ಕಣಿವೆಯಲ್ಲಿ, ಮಹಾರಾಷ್ಟ್ರದ ಮಣಿಬೇಲಿ ಮೊದಲಾಗಿ, ಅನೇಕ ಗ್ರಾಮಗಳು ಸರ್ದಾರ್ ಸರೋವರ ಅಣೆಕಟ್ಟಿನ ನೀರಿಗೆ ಸಂದಿವೆ. ಪುಣೆಯ ಸಂಗೀತಶಾಸ್ತ್ರಜ್ಞರು ಪುನರ್ವಸತಿಯ ಊರುಗಳಿಗೆ ಹೋಗಿ, ನರ್ಮದೆಯ ಹಾಡುಗಳನ್ನು ಹಾಡುಗಾರರ ಹೆಸರಿನೊಡನೆ ಈಗಲೇ ಧ್ವನಿಮುದ್ರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.